ದಿನಾಂಕ ಹಾಕಿ ಬರೆದಿಡು

ಪುಟ್ಟೀ, ಮೊನ್ನೆ ಮೆರವಣಿಗೆ ಮುಗಿಸಿ ಬಂದವಳು ಊಟಕ್ಕೂ ಕೂರದೆ ಕೇಳಿದೆ: "ಅಜ್ಜಾ, ಇಷ್ಟು ಜನ ಸತ್ತ ಮೇಲೂ ನರಮೇಧ ಅನ್ನೋಕೆ ಈ ಬ್ರಿಟಿಷ್ ಸರ್ಕಾರಕ್ಕೆ ಏನು ಕಷ್ಟ?" ನಿನ್ನ ಸಿಟ್ಟು ನ್ಯಾಯವಾದದ್ದೇ. ಆದರೆ ಮೂವತ್ತು ವರ್ಷ ಧಾರವಾಡದ ಕೋರ್ಟಿನ ದಫ್ತರ ನೋಡಿಕೊಂಡವನು ನಾನು. ಒಂದು ಮಾತು ಹೇಳುತ್ತೇನೆ, ಕೇಳು.

ನಮ್ಮ ಪತ್ರಿಕೆಗಳಲ್ಲಿ ಯಾವ ಸಾಮೂಹಿಕ ಕೊಲೆಯಾದರೂ ನರಮೇಧವೇ. ವಿಶ್ವಸಂಸ್ಥೆಯ 1948ರ ಜನಾಂಗಹತ್ಯೆ ಒಡಂಬಡಿಕೆ ಕೇಳುವುದು ಅದಕ್ಕಿಂತ ಬಿಗಿಯಾದದ್ದನ್ನು: ಒಂದು ಜನಾಂಗವನ್ನೋ ಮತದವರನ್ನೋ ಪೂರ್ತಿ ಇಲ್ಲವೇ ಭಾಗಶಃ ಅಳಿಸಿಹಾಕುವ ಉದ್ದೇಶವಿತ್ತೇ? ಹೆಣಗಳ ಲೆಕ್ಕವೊಂದರಿಂದಲೇ ಅದು ರುಜುವಾತಾಗದು. ಆಜ್ಞೆಯ ಪ್ರತಿ, ಭಾಷಣ, ಬದುಕುಳಿದವರ ಹೇಳಿಕೆಯಂಥ ಸಾಕ್ಷ್ಯ ಬೇಕು.

ಇರಾಕಿನ ಯಜೀದಿ ಮತದವರನ್ನು ನೋಡು. ಅವರ ನೆಲೆಯಾದ ಸಿಂಜಾರ್ ಮೇಲೆ ಐಸಿಸ್ ಉಗ್ರರು ಬಿದ್ದದ್ದು 2014ರ ಆಗಸ್ಟ್‌ನಲ್ಲಿ. 2016ರ ಏಪ್ರಿಲ್ 20ರಂದು ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಬ್ರಿಟಿಷ್ ಸಂಸತ್ತಿನ 278 ಸದಸ್ಯರು ಅದನ್ನು ಜನಾಂಗಹತ್ಯೆ ಎಂದರು. ವಿರುದ್ಧ ಒಂದು ಮತವೂ ಇರಲಿಲ್ಲ. ಸರ್ಕಾರ ಮಾತ್ರ, ಅದು ನ್ಯಾಯಾಲಯದ ಕೆಲಸ ಎಂದಿತು. ಕೊನೆಗೆ ದಾರಿ ತೆರೆದದ್ದು ಜರ್ಮನಿಯ ಒಂದು ಮೊಕದ್ದಮೆ. ಯಜೀದಿ ತಾಯಿ ಮಗಳನ್ನು ಗುಲಾಮರಾಗಿ ಕೊಂಡ ಐಸಿಸ್‌ನವನೊಬ್ಬ ಐದು ವರ್ಷದ ಆ ಮಗುವನ್ನು ಸುಡುಬಿಸಿಲಲ್ಲಿ ಕಟ್ಟಿಹಾಕಿ ಸಾಯಲು ಬಿಟ್ಟಿದ್ದ. ತಾಯಿ ಸಾಕ್ಷಿ ಹೇಳಿದಳು. 2021ರಲ್ಲಿ ಅವನಿಗೆ ಜನಾಂಗಹತ್ಯೆಗಾಗಿ ಶಿಕ್ಷೆಯಾಯಿತು. ಮೇಲಿನ ಕೋರ್ಟು ಅದನ್ನು ಎತ್ತಿಹಿಡಿದ ಮೇಲೆ, 2023ರ ಆಗಸ್ಟ್ 1ರಂದು, ಲಂಡನ್ ಒಪ್ಪಿಕೊಂಡಿತು. ಒಂಬತ್ತು ವರ್ಷ! ಅಷ್ಟು ಕಾಯಿಸಿದ್ದು ನನಗೆ ಇಂದಿಗೂ ಸರಿ ಕಾಣುವುದಿಲ್ಲ. ಜನಾಂಗಹತ್ಯೆಯನ್ನು ತಡೆಯುವ ಹೊಣೆ ತೀರ್ಪಿಗಾಗಿ ಕಾಯುವಂಥದ್ದಲ್ಲ. ಗಂಭೀರ ಅಪಾಯವಿದೆ ಎಂದು ಗೊತ್ತಾದ ಗಳಿಗೆಯಲ್ಲೇ ಅದು ಶುರುವಾಗುತ್ತದೆ ಎಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2007ರಲ್ಲೇ ಹೇಳಿತ್ತು. ಮೆರವಣಿಗೆಗೆ ಹೋಗಬೇಡ ಎಂದು ನಾನು ಅನ್ನದಿರುವುದು ಅದಕ್ಕೇ.

ಆದರೆ ಆ ತಾಯಿಯ ಹೇಳಿಕೆ ಇರದಿದ್ದರೆ?

ಲಂಡನ್ನಿನ ರಸೆಲ್ ಸ್ಕ್ವೇರ್‌ನಲ್ಲಿ ಅಂಥ ಹೇಳಿಕೆಗಳನ್ನು ಕೂಡಿಟ್ಟ ವೀನರ್ ಗ್ರಂಥಾಲಯವಿದೆ, ನಿನ್ನ ಕಾಲೇಜಿನಿಂದ ನಡೆದೇ ಹೋಗಬಹುದು. ಆಲ್ಫ್ರೆಡ್ ವೀನರ್ ಎಂಬ ಜರ್ಮನ್ ಯಹೂದಿ 1933ರಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಓಡಿಬಂದು, ನಾಜಿಗಳ ಕರಪತ್ರ, ಪತ್ರಿಕೆ, ವರದಿಗಳನ್ನು ಕೂಡಿಡಲು ತೊಡಗಿದ. 1939ರಲ್ಲಿ ಆ ಸಂಗ್ರಹ ಲಂಡನ್ನಿಗೆ ಬಂತು. ಆಗ ಜನಾಂಗಹತ್ಯೆಗೆ 'ಜೆನೊಸೈಡ್' ಎಂಬ ಪದವೇ ಹುಟ್ಟಿರಲಿಲ್ಲ. ನ್ಯಾಯಶಾಸ್ತ್ರಜ್ಞ ರಫೆಲ್ ಲೆಮ್ಕಿನ್ ಅದನ್ನು ಬರೆದದ್ದು 1944ರಲ್ಲಿ. ಹೆಸರು ಬರುವುದಕ್ಕೆ ಹನ್ನೊಂದು ವರ್ಷ ಮೊದಲೇ ಕಡತ ತೆರೆದ ಮನುಷ್ಯ ಆತ. ಅವನ ಹೆಂಡತಿ ನಾಜಿಗಳ ಬರ್ಗನ್-ಬೆಲ್ಸನ್ ಶಿಬಿರದಿಂದ ಹೊರಬಂದೊಡನೆ ತೀರಿಕೊಂಡಳು. ಆತ ಕೂಡಿಟ್ಟ ಕಾಗದಗಳು ನಾಜಿ ನಾಯಕರ ನ್ಯೂರೆಂಬರ್ಗ್ ವಿಚಾರಣೆಗೆ ಒದಗಿದವು. 1950ರ ದಶಕದಲ್ಲಿ ಏವಾ ರೈಖ್‌ಮನ್ ಮುಂದಾಳತ್ವದಲ್ಲಿ ಗ್ರಂಥಾಲಯದವರು ನಾಜಿ ಹಿಂಸೆ ಕಂಡ ಸಾವಿರಕ್ಕೂ ಹೆಚ್ಚು ಜನರ ಹೇಳಿಕೆಗಳನ್ನು ಬರೆದುಕೊಂಡರು.

ಕೂಗುವುದರ ಜೊತೆಗೆ ಈ ಕೆಲಸವನ್ನೂ ಕಲಿ, ಮಗಳೇ. ಫೋನಿಗೆ ಬಂದ ಚಿತ್ರವನ್ನು ಮುಂದಕ್ಕೆ ಕಳಿಸುವ ಮೊದಲು ಎಲ್ಲಿಯದು, ಯಾವತ್ತಿನದು, ತೆಗೆದವರು ಯಾರು ಎಂದು ಕೇಳು. ಒಂದು ಸುಳ್ಳು ಚಿತ್ರ ಸಾಕು, ನೂರು ನಿಜವನ್ನು ಅನುಮಾನಕ್ಕೆ ತಳ್ಳುತ್ತದೆ. ಯಾರಾದರೂ ತಮ್ಮೂರಲ್ಲಿ ಆದದ್ದನ್ನು ಹೇಳಲು ಕೂತರೆ, ಒಪ್ಪಿಗೆ ಕೇಳಿ, ನಡುವೆ ಬಾಯಿ ಹಾಕದೆ, ಅವರ ಮಾತಿನಲ್ಲೇ ಬರೆದುಕೋ: ಊರು, ತಿಂಗಳು, ಬಾಗಿಲು ಬಡಿದವರು. ನೆನಪಿಲ್ಲ ಎಂದರೆ ನೆನಪಿಲ್ಲ ಎಂದೇ ಬರೆ.