ಮಾಡಿದವರು ಯಾರು? ಹಾಡು ಕಲಿಸಿದ ವ್ಯಾಕರಣ



"ಸೈನಿಕರು ಮನೆಯನ್ನು ಸುಟ್ಟರು" ಎಂಬುದು ಕರ್ತರಿ ಪ್ರಯೋಗ. "ಮನೆಯು ಸುಡಲ್ಪಟ್ಟಿತು" ಎಂಬುದು ಕರ್ಮಣಿ ಪ್ರಯೋಗ. ಎರಡನೆಯದರಲ್ಲಿ ಸುಟ್ಟವರು ಯಾರೆಂದು ಹೇಳದೆಯೇ ವಾಕ್ಯ ಮುಗಿದುಬಿಡುತ್ತದೆ. ಇದು ಬರೀ ಅಂಕಗಳಿಗಾಗಿ ಕಲಿಯುವ ಪಾಠವಲ್ಲ. ಏಕೆಂದು ನೈಜೀರಿಯಾದ ಗಾಯಕರೊಬ್ಬರ ಬದುಕಿನಿಂದ ತಿಳಿಯೋಣ.

ಫೆಲಾ ಕುಟಿ 1938ರಲ್ಲಿ ಅಬೆಯೊಕುಟಾ ಎಂಬ ಊರಿನಲ್ಲಿ ಹುಟ್ಟಿದರು. ತಾಯಿ ಫುನ್ಮಿಲಾಯೊ 1940ರ ದಶಕದಲ್ಲಿ ತೆರಿಗೆಯ ವಿರುದ್ಧ ಸಾವಿರಾರು ಹೆಂಗಸರನ್ನು ಒಗ್ಗೂಡಿಸಿದವರು. ಲಂಡನ್ನಿನಲ್ಲಿ ಸಂಗೀತ ಕಲಿತ ಫೆಲಾ, ಯೊರುಬಾ ಜನರ ತಾಳಗಳಿಗೆ ಹೈಲೈಫ್, ಜಾಝ್, ಫಂಕ್ ಸಂಗೀತವನ್ನು ಬೆರೆಸಿ, ಡ್ರಮ್ ವಾದಕ ಟೋನಿ ಅಲೆನ್ ಜೊತೆಗೂಡಿ 'ಆಫ್ರೋಬೀಟ್' ಶೈಲಿಯನ್ನು ರೂಪಿಸಿದರು.

ಆದರೆ ಯಾವ ಭಾಷೆಯಲ್ಲಿ ಹಾಡಬೇಕು? ನೈಜೀರಿಯಾದಲ್ಲಿ 500ಕ್ಕೂ ಹೆಚ್ಚು ಭಾಷೆಗಳಿವೆ. ಯೊರುಬಾದಲ್ಲಿ ಹಾಡಿದರೆ ಯೊರುಬಾ ಬಲ್ಲವರಿಗಷ್ಟೇ ಅರ್ಥ. ಪುಸ್ತಕದ ಇಂಗ್ಲಿಷ್ ಶಾಲೆ ಕಲಿತವರಿಗಷ್ಟೇ. ಸಂತೆಯಲ್ಲಿ, ಬಸ್ಸಿನಲ್ಲಿ ಎಲ್ಲರೂ ಆಡುವ ಪಿಜಿನ್ ಇಂಗ್ಲಿಷನ್ನು ಫೆಲಾ ಆರಿಸಿಕೊಂಡರು. ಓದಿದವರು 'ಹರಕು ಇಂಗ್ಲಿಷ್' ಎಂದು ಹಳಿಯುತ್ತಿದ್ದ ನುಡಿಯೇ ನಾಡಿಗೆಲ್ಲ ತಲುಪುವ ನುಡಿಯಾಯಿತು.

1976ರ 'ಜಾಂಬಿ' ಹಾಡಿನಲ್ಲಿ ಅವರು, ಸ್ವಂತ ಬುದ್ಧಿ ಬಳಸದೆ ಆಜ್ಞೆಯಂತೆ ಕುಣಿಯುವ ಸೈನಿಕರನ್ನು ನಡೆದಾಡುವ ಹೆಣಗಳಿಗೆ ಹೋಲಿಸಿದರು. 1977ರ ಫೆಬ್ರವರಿ 18ರಂದು ಸುಮಾರು ಸಾವಿರ ಸೈನಿಕರು ಲಾಗೋಸಿನ ಅವರ ಮನೆಗೆ ನುಗ್ಗಿದರು. ಮನೆಗೆ ಬೆಂಕಿ ಇಟ್ಟರು. 76 ವರ್ಷದ ತಾಯಿಯನ್ನು ಕಿಟಕಿಯಿಂದ ಕೆಳಗೆ ಎಸೆದರು. ಆಕೆ ಮರುವರ್ಷ ತೀರಿಕೊಂಡರು.

ಸರ್ಕಾರದ ವಿಚಾರಣೆ ಏನು ಹೇಳಿತು ಗೊತ್ತೇ? ಇದನ್ನು ಮಾಡಿದ್ದು 'ಅಪರಿಚಿತ ಸೈನಿಕ'! ವಾಕ್ಯದಲ್ಲಿ ಕರ್ತೃಪದವಿದೆ, ಆದರೆ ಹಿಡಿದು ಕೇಳಲು ಯಾರೂ ಇಲ್ಲ. ಫೆಲಾ ಆ ಎರಡು ಪದಗಳನ್ನೇ ಹಾಡಿನ ಹೆಸರಾಗಿಸಿ, 1979ರಲ್ಲಿ ನಡೆದದ್ದನ್ನೆಲ್ಲ ಜನರ ನುಡಿಯಲ್ಲೇ ಹಾಡಿದರು. ಮುಂದೆ ಸೆರೆಮನೆ ಕಂಡರೂ ಅವರು ಹಾಡುವುದನ್ನು ಬಿಡಲಿಲ್ಲ. 1997ರಲ್ಲಿ ನಿಧನರಾದರು.

ಹೆಣ್ಣುಮಕ್ಕಳ ಬಗ್ಗೆ ಅವರ ಎಲ್ಲ ನಿಲುವುಗಳನ್ನು ನಾವು ಒಪ್ಪುವುದಿಲ್ಲ. ಆದರೆ ಎರಡು ಪಾಠಗಳನ್ನು ಅವರಿಂದ ಕಲಿಯಬಹುದು: ಕೇಳಬೇಕಾದವರಿಗೆ ತಿಳಿಯುವ ಭಾಷೆಯಲ್ಲಿ ಮಾತನಾಡಬೇಕು, ಮಾಡಿದವರು ಯಾರೆಂದು ಕೇಳದೆ ಬಿಡಬಾರದು.

ಪೋಷಕರಲ್ಲಿ ಒಂದು ವಿನಂತಿ: ಮಕ್ಕಳು ಮನೆಯಲ್ಲಿ ಆಡುವ ಬೆರಕೆ ಕನ್ನಡವನ್ನು ಕಂಡು ನಗಬೇಡಿ. ಅದರಲ್ಲೇ ಅವರು ನಿಜ ಹೇಳಲು ಕಲಿಯುತ್ತಿರಬಹುದು.

ಅಭ್ಯಾಸ: ಇಂದಿನ ಪತ್ರಿಕೆಯಲ್ಲಿ ಕರ್ತೃವನ್ನು ಮರೆಮಾಡಿದ ಮೂರು ವಾಕ್ಯಗಳನ್ನು ಹುಡುಕಿರಿ. ಅವುಗಳನ್ನು ಕರ್ತರಿ ಪ್ರಯೋಗಕ್ಕೆ ಬದಲಾಯಿಸಲು ಯಾರ ಹೆಸರು ಬೇಕು?