ಕಚೇರಿಯೊಳಗೆ ಮದ್ಯ ಮತ್ತು ಉಚಿತ ಸೌಲಭ್ಯಗಳು: ಉದ್ಯಮಿಗಳಿಗೊಂದು ಪಾಠ

ನೌಕರರಿಗೆ ವೇತನದ ಜೊತೆಗೆ ಸೌಲಭ್ಯಗಳನ್ನು ನೀಡುವುದು ನಮ್ಮ ಉದ್ಯಮಗಳಿಗೆ ಹೊಸದಲ್ಲ. ಕ್ಯಾಂಟೀನ್, ವಾಹನ, ಸಮವಸ್ತ್ರ ಮೊದಲಾದವು ಹಿಂದಿನಿಂದಲೂ ಇವೆ. ಅಮೆರಿಕದ ತಂತ್ರಜ್ಞಾನ ಕಂಪನಿಗಳು ಇನ್ನೂ ಮುಂದೆ ಹೋಗಿ, ಉಚಿತ ಊಟ ಮತ್ತು ಆಟದ ಕೊಠಡಿಗಳೊಂದಿಗೆ ಬಿಯರನ್ನೂ ಕಚೇರಿಯೊಳಗೆ ತಂದವು. ಪ್ರತಿಭಾವಂತರನ್ನು ಸೆಳೆಯುವುದು ಮತ್ತು ಸಂಜೆಯ ನಂತರವೂ ಅವರನ್ನು ಕಚೇರಿಯಲ್ಲೇ ಉಳಿಸಿಕೊಳ್ಳುವುದು ಇದರ ಉದ್ದೇಶವಾಗಿತ್ತು.

ಒಂದು ನಿದರ್ಶನ

ಸ್ಯಾನ್ ಫ್ರಾನ್ಸಿಸ್ಕೋದ ಝೆನಿಫಿಟ್ಸ್ ಕಂಪನಿಯು ಸಣ್ಣ ಉದ್ದಿಮೆಗಳಿಗೆ ಸಿಬ್ಬಂದಿ ನಿರ್ವಹಣೆಯ ತಂತ್ರಾಂಶವನ್ನು ಒದಗಿಸಿ, ಆರೋಗ್ಯ ವಿಮೆಯನ್ನು ಮಾರುತ್ತಿತ್ತು. 2015ರಲ್ಲಿ ಅದರ ಮೌಲ್ಯವನ್ನು 450 ಕೋಟಿ ಡಾಲರ್ ಎಂದು ಅಂದಾಜಿಸಲಾಗಿತ್ತು. ಆದರೆ ಪರವಾನಗಿ ಇಲ್ಲದ ಸಿಬ್ಬಂದಿ ವಿಮೆ ಮಾರಿದ್ದು ಬೆಳಕಿಗೆ ಬಂದಿತು. ಕ್ಯಾಲಿಫೋರ್ನಿಯಾದಲ್ಲಿ ಪರವಾನಗಿಗೆ ಕಡ್ಡಾಯವಾಗಿದ್ದ 52 ಗಂಟೆಗಳ ತರಬೇತಿಯನ್ನು ಪೂರ್ಣವಾಗಿ ಪಡೆದಂತೆ ತೋರಿಸುವ ತಂತ್ರಾಂಶವೂ ಅಲ್ಲಿ ಬಳಕೆಯಲ್ಲಿತ್ತು. 2016ರ ಫೆಬ್ರವರಿಯಲ್ಲಿ ಸಂಸ್ಥಾಪಕ ಮುಖ್ಯಸ್ಥರು ರಾಜೀನಾಮೆ ನೀಡಿದರು. ಅವರ ನಂತರ ಬಂದ ಡೇವಿಡ್ ಸ್ಯಾಕ್ಸ್ ಅದೇ ತಿಂಗಳಲ್ಲಿ ಕಚೇರಿಯೊಳಗೆ ಮದ್ಯವನ್ನು ನಿಷೇಧಿಸಿದರು.

ಬಿಯರಿನಿಂದಲೇ ಕಂಪನಿಗೆ ಈ ಸ್ಥಿತಿ ಬಂದಿತೆನ್ನಲಾಗದು. ಆದರೆ ನಿಯಮಗಳನ್ನು ಹಗುರವಾಗಿ ಕಾಣುವ ಮನೋಭಾವವು ಒಂದೆಡೆ ಬೇರೂರಿದರೆ ಎಲ್ಲೆಡೆಗೂ ಹಬ್ಬುತ್ತದೆ. ಹೊಸ ಮುಖ್ಯಸ್ಥರು ಶಿಸ್ತನ್ನು ಮರಳಿ ತರುವಾಗ ಮದ್ಯಕ್ಕೂ ಕೈಹಾಕಿದ್ದು ಇದೇ ಕಾರಣದಿಂದ.

ನಾವು ಗಮನಿಸಬೇಕಾದ ಅಂಶಗಳು

1. ಪರವಾನಗಿ: ಮದ್ಯವು ರಾಜ್ಯಗಳ ಅಧಿಕಾರ ವ್ಯಾಪ್ತಿಗೆ ಸೇರಿದ ವಿಷಯ. ಹರಿಯಾಣವು 2023–24ರ ಅಬಕಾರಿ ನೀತಿಯಲ್ಲಿ ಬಿಯರ್, ವೈನ್‌ನಂತಹ ಪಾನೀಯಗಳಿಗೆ ಕಚೇರಿಗಳಲ್ಲಿ ಅವಕಾಶ ನೀಡಿದಾಗಲೂ, ಕನಿಷ್ಠ 5,000 ನೌಕರರಿರುವ ದೊಡ್ಡ ಕಚೇರಿಗಳಿಗೆ ಅದನ್ನು ಸೀಮಿತಗೊಳಿಸಿ ಪರವಾನಗಿಯನ್ನು ವಿಧಿಸಿತು. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯಿದೆಯಿದೆ. ಔತಣಕೂಟಕ್ಕೆ ಮುನ್ನ ಅಬಕಾರಿ ಇಲಾಖೆಯಲ್ಲಿ ವಿಚಾರಿಸುವುದು ಕ್ಷೇಮ.

2. ತೆರಿಗೆ: ನೌಕರರಿಗೆ ಒದಗಿಸುವ ಆಹಾರ, ಪಾನೀಯಗಳ ಮೇಲೆ ತೆತ್ತ ಜಿಎಸ್‌ಟಿಗೆ, ಕಾನೂನಿನ ಪ್ರಕಾರ ಒದಗಿಸಲೇಬೇಕಾದ ಸಂದರ್ಭವನ್ನು ಬಿಟ್ಟರೆ, ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಉಚಿತ ಸೌಲಭ್ಯದ ನಿಜವಾದ ವೆಚ್ಚವನ್ನು ಲೆಕ್ಕ ಹಾಕುವಾಗ ಇದನ್ನೂ ಸೇರಿಸಬೇಕು.

3. ಮಹಿಳೆಯರ ಸುರಕ್ಷತೆ: 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆಯ ಪ್ರಕಾರ 10 ಅಥವಾ ಹೆಚ್ಚು ನೌಕರರಿರುವ ಕಡೆ ಆಂತರಿಕ ಸಮಿತಿ ಕಡ್ಡಾಯ. ಕೆಲಸದ ನಿಮಿತ್ತ ನೌಕರರು ಹೋಗುವ ಸ್ಥಳಗಳೂ, ಮಾಲೀಕರು ಒದಗಿಸುವ ವಾಹನವೂ ‘ಕೆಲಸದ ಸ್ಥಳ’ವೇ ಆಗಿವೆ.

4. ಸಮಾನತೆ: ಯಂತ್ರದ ಮುಂದೆ ನಿಲ್ಲುವ ಕಾರ್ಮಿಕನು ಕುಡಿದು ಬರಬಾರದೆಂದು ನಿಯಮ ಮಾಡಿ, ಅದೇ ಸೂರಿನಡಿ ಕಚೇರಿ ಸಿಬ್ಬಂದಿಗೆ ಬಿಯರ್ ಹಂಚಿದರೆ ಆ ನಿಯಮಕ್ಕೆ ಬೆಲೆ ಉಳಿಯದು. ಮದ್ಯ ಸೇವಿಸದವರಿಗೂ ಸಂಜೆ ಬೇಗ ಮನೆ ಸೇರಬೇಕಾದವರಿಗೂ ಇಂತಹ ಸೌಲಭ್ಯದಿಂದ ಪ್ರಯೋಜನವಿಲ್ಲ.

ಆದುದರಿಂದ ಯಾವುದೇ ಸೌಲಭ್ಯವನ್ನು ಆರಂಭಿಸುವ ಮುನ್ನ, ಅದು ಎಲ್ಲ ನೌಕರರಿಗೂ ದೊರೆಯುವುದೇ ಎಂಬುದನ್ನು ಮೊದಲು ಪರಿಶೀಲಿಸಬೇಕು. ಶುಚಿಯಾದ ಊಟ, ಆರೋಗ್ಯ ವಿಮೆ, ರಾತ್ರಿ ಪಾಳಿಯವರಿಗೆ ವಾಹನ, ನಿಗದಿತ ದಿನದಂದು ಸಂಬಳ ಇವು ಆಡಂಬರವಲ್ಲದಿದ್ದರೂ, ನುರಿತ ಕೆಲಸಗಾರರನ್ನು ಸಂಸ್ಥೆಯಲ್ಲಿ ಉಳಿಸಿಕೊಳ್ಳಲು ನೆರವಾಗುತ್ತವೆ.