ಮನೆಯ ಲೆಕ್ಕ ಮನೆಯವರಿಗೆ ಗೊತ್ತಿರಲಿ

ಕೊಳ್ಳೇಗಾಲ, ಹನೂರು, ಯಳಂದೂರಿನ ಹಳ್ಳಿಗಳಿಂದ ಬೆಂಗಳೂರಿಗೋ ಕೊಯಮತ್ತೂರಿಗೋ ದುಡಿಯಲು ಹೊರಟ ಮಕ್ಕಳೇ, ಬಸ್ಸು ಹತ್ತಿಸಲು ಬಂದ ಹಿರಿಯರು 'ದುಡ್ಡಿನಿಂದ ಸುಖ ಬರೋದಿಲ್ಲ ಕಣಪ್ಪ' ಎಂದಿರುತ್ತಾರೆ. ನಾನು ಹಾಗೆನ್ನುವುದಿಲ್ಲ. ಮಳೆ ಕೈಕೊಟ್ಟ ವರ್ಷ ಹನೂರಿನ ಒಣಭೂಮಿಯ ರೈತನ ಮುಂದೆ ನಿಂತು ಆ ಮಾತು ಆಡುವ ಧೈರ್ಯ ನನಗಿಲ್ಲ.

ನಮ್ಮ ಕಂಸಾಳೆಯವರು, ದೇವರಗುಡ್ಡರು ಹಾಡುವ ಮಲೆ ಮಹದೇಶ್ವರನ, ಅಂದರೆ ಮಾದಪ್ಪನ ಕಥೆಯನ್ನೇ ನೋಡಿ. ಬೇವಿನಹಟ್ಟಿ ಕಾಳಮ್ಮನ ಸಾಲು ಎಂಬ ಭಾಗದಲ್ಲಿ ಸಿರಿ ತುಂಬಿದ ಮನೆಯಿದೆ, ಭಿಕ್ಷೆಗೆ ಬಂದ ಮಾದಪ್ಪನಿಗೆ ಕೊಡಲು ಕೈ ಏಳುವುದಿಲ್ಲ, ಮನೆ ಕೆಡುತ್ತದೆ. ದುಡ್ಡೇ ಕೆಟ್ಟದ್ದು ಎಂದುಕೊಂಡು ನಾವು ಎದ್ದುಬಿಡುತ್ತೇವೆ. ಆದರೆ ಸಂಕಮ್ಮನ ಸಾಲಿಗೂ ಕೂತಿರಬೇಕು. ಕಾಡಿನಲ್ಲಿ ಬದುಕುವ ಸೋಲಿಗರ ಮನೆ ಅದು, ಸಿರಿಯ ಸುದ್ದಿಯೇ ಇಲ್ಲ. ಜೇನಿಗೆ ಹೊರಟ ನೀಲೇಗೌಡ ಹೆಂಡತಿ ಸಂಕಮ್ಮನ ಮೇಲೆ ಅನುಮಾನಪಟ್ಟು ಬಲಗೈ ಭಾಷೆ ಕೇಳುತ್ತಾನೆ. ಆಕೆ ಕೊಡದಿದ್ದಾಗ ಹಿಂಸಿಸುತ್ತಾನೆ. ಅಲ್ಲಿ ಸಂಸಾರ ಮುರಿದದ್ದು ಯಾವ ದುಡ್ಡಿನಿಂದ?

ದುಡ್ಡಿಗಿಂತ ದುಡ್ಡಿನ ಲೆಕ್ಕ ಮುಚ್ಚಿಡುವುದು ಮನೆಯನ್ನು ಹೇಗೆ ಕೆಡಿಸುತ್ತದೆ ಎಂಬುದಕ್ಕೆ ಈಗ ಅಮೆರಿಕದ ಎರಡು ನಾಟಕಗಳ ವಿಷಯ. ಹವ್ಯಾಸಿ ರಂಗದ ಹುಚ್ಚು ಹಿಡಿದವರಿಗೆ ಗೊತ್ತಿರುತ್ತದೆ, ಉಳಿದವರಿಗಾಗಿ ಹೇಳುತ್ತೇನೆ. ಆರ್ಥರ್ ಮಿಲ್ಲರ್‌ನ 'ಡೆತ್ ಆಫ್ ಎ ಸೇಲ್ಸ್‌ಮನ್' ರಂಗಕ್ಕೆ ಬಂದದ್ದು 1949ರಲ್ಲಿ. ಊರೂರು ಸುತ್ತಿ ಮಾಲು ಮಾರುವ ವಿಲ್ಲಿ ಲೋಮನ್‌ಗೆ ವಯಸ್ಸಾಗಿದೆ, ಕಂಪನಿ ಸಂಬಳ ನಿಲ್ಲಿಸಿದೆ. ಅವನು ನೆರೆಮನೆಯ ಚಾರ್ಲಿಯಿಂದ ವಾರಕ್ಕೆ 50 ಡಾಲರ್ ಸಾಲ ತಂದು, ಸಂಬಳವೆಂದು ಹೆಂಡತಿಯ ಕೈಗಿಡುತ್ತಾನೆ. ಹೆಂಡತಿ ಲಿಂಡಾಗೆ ಅದು ಸಾಲವೆಂದು ಗೊತ್ತು. ಗಂಡನ ಮಾನ ಹೋದೀತೆಂದು ಗೊತ್ತಿಲ್ಲದವಳಂತೆ ಇರುತ್ತಾಳೆ. ಒಂದೇ ಸೂರಿನಡಿ ಇಬ್ಬರೂ ಒಬ್ಬರೆದುರೊಬ್ಬರು ನಟಿಸುತ್ತಾರೆ. ಕೊನೆಗೆ 20,000 ಡಾಲರ್ ವಿಮೆ ಹಣ ಮಗನಿಗಾದರೂ ಸಿಗಲೆಂದು ವಿಲ್ಲಿ ಕಾರು ಓಡಿಸಿಕೊಂಡು ಹೋಗಿ ಪ್ರಾಣ ಬಿಡುತ್ತಾನೆ. ಇಪ್ಪತ್ತೈದು ವರ್ಷ ಕಟ್ಟಿದ ಮನೆಸಾಲದ ಕೊನೆಯ ಕಂತು ತೀರುವುದು ಅವನ ಮಣ್ಣಿನ ದಿನವೇ. ಮಗ ಬಿಫ್‌ಗೆ ಬೇಕಾಗಿದ್ದದ್ದು ಅಪ್ಪ ಒಮ್ಮೆ ನಿಜ ಹೇಳುವುದು, ವಿಮೆಯಲ್ಲ.

ಕರಿಯ ಸಮುದಾಯದ ಲೊರೇನ್ ಹ್ಯಾನ್ಸ್‌ಬೆರಿ ಬರೆದ 'ಎ ರೈಸಿನ್ ಇನ್ ದ ಸನ್' 1959ರದ್ದು. ಷಿಕಾಗೋದ ಕರಿಯ ಕುಟುಂಬವೊಂದರ ಇಕ್ಕಟ್ಟಾದ ಮನೆ, ಮೊಮ್ಮಗ ಸೋಫಾದ ಮೇಲೆ ಮಲಗಬೇಕು. ಅಜ್ಜನ ವಿಮೆಯಿಂದ 10,000 ಡಾಲರ್ ಬರುತ್ತದೆ. ಅಜ್ಜಿ 3,500 ಕೊಟ್ಟು ಬಿಳಿಯರ ಬಡಾವಣೆಯಲ್ಲೊಂದು ಮನೆ ಹಿಡಿಯುತ್ತಾಳೆ. ಉಳಿದದ್ದನ್ನು ಮಗ ವಾಲ್ಟರ್‌ಗೆ ಒಪ್ಪಿಸಿ, ಅದರಲ್ಲಿ 3,000 ತಂಗಿಯ ಡಾಕ್ಟರ್ ಓದಿಗೆ ಬ್ಯಾಂಕಿಗಿಡು ಎನ್ನುತ್ತಾಳೆ. ಅವನು ಯಾರಿಗೂ ಹೇಳದೆ ಅಷ್ಟನ್ನೂ ವ್ಯಾಪಾರಕ್ಕೆಂದು ಗೆಳೆಯನ ಕೈಗಿಡುತ್ತಾನೆ, ಗೆಳೆಯ ನಾಪತ್ತೆ. ಆದರೂ ಮನೆಯವರೆಲ್ಲ ಕೂಡಿ ಹೊಸ ಮನೆಗೆ ಹೊರಡುತ್ತಾರೆ. ನೀವು ಬರಬೇಡಿ, ಹೆಚ್ಚು ದುಡ್ಡು ಕೊಡುತ್ತೇವೆ ಎಂದ ಬಿಳಿಯರ ಪ್ರತಿನಿಧಿಗೆ ವಾಲ್ಟರನೇ ಇಲ್ಲವೆನ್ನುತ್ತಾನೆ. ದುಡ್ಡು ಇಲ್ಲಿ ಸುಖವನ್ನೂ ಕೊಟ್ಟಿದೆ: ಮಗು ಮಲಗಲು ಕೋಣೆ ಸಿಕ್ಕಿದೆ. ಅದೇನು ಸಣ್ಣದೇ?

ನಮ್ಮೂರಿನ ಸಂಗತಿ ಬೇರೆಯಲ್ಲ. ರೇಷ್ಮೆ ಗೂಡು ಮಾರಿದ ದುಡ್ಡು ಎಷ್ಟು ಬಂತೆಂದು ಹುಳು ಸಾಕಿದ ಹೆಂಗಸಿಗೇ ತಿಳಿಯುವುದಿಲ್ಲ. ಸಂಘದ ಸಾಲದ ಕಂತು ಅತ್ತೆಗೆ ಗೊತ್ತಿಲ್ಲ, ಗಿರವಿಯ ಸರ ಮಗನಿಗೆ ಗೊತ್ತಿಲ್ಲ. ಬೆಂಗಳೂರಿನಲ್ಲಿ ಕೆಲಸ ಹೋದ ಹುಡುಗ ಸಾಲ ಮಾಡಿ ಊರಿಗೆ ಹಣ ಕಳಿಸುತ್ತಾನೆ, ಥೇಟ್ ವಿಲ್ಲಿಯಂತೆ. ಮರ್ಯಾದೆಗೆ ಹೆದರಿ ಮುಚ್ಚಿಟ್ಟ ಸಾಲಕ್ಕೂ ಬಡ್ಡಿ ಬೆಳೆಯುತ್ತದೆ, ಸಾಲ ಕೊಟ್ಟವನು ಬಾಗಿಲಿಗೆ ಬಂದ ದಿನ ಆ ಮರ್ಯಾದೆಯೂ ಹೋಗುತ್ತದೆ.

ಚೆನ್ನಾಗಿ ದುಡಿಯಿರಿ, ಆಸೆಪಡಿ, ಮನೆ ಕಟ್ಟಿ. ಮದುವೆಗೆ ಮುಂಚೆಯೇ ನಿಮ್ಮ ಸಾಲವೆಷ್ಟೆಂದು ಹೆಣ್ಣಿಗೂ ಗಂಡಿಗೂ ತಿಳಿದಿರಲಿ. ಗೆಳೆಯನಿಗೆ ದುಡ್ಡು ಕೊಡುವ ಮುಂಚೆ ತಂಗಿಯ ಫೀಸು ಕಟ್ಟಿ. ಕೆಲಸ ಹೋಗಿದ್ದರೆ ಇವತ್ತೇ ಊರಿಗೆ ಫೋನ್ ಮಾಡಿ ಹೇಳಿ. ಬೈಸಿಕೊಳ್ಳುತ್ತೀರಿ, ಬೈಸಿಕೊಳ್ಳಿ.